ಪೊಲೀಸ್ ಕೇಸಾದ ಹುಡುಗನಿಗೆ ಯಾವ ಚಿಕಿತ್ಸೆ ಫಲಿಸುತ್ತದೆ?

ಉಡುಪಿ ಜಿಲ್ಲೆಯ ಪರ್ಕಳ ಪೇಟೆಯ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮಣಿಪಾಲ. ಪೊಲೀಸ್ ಠಾಣೆ, ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿ, ಕಸ್ತೂರ್ಬಾ ಆಸ್ಪತ್ರೆ ಎಲ್ಲವೂ ಆ ಕಡೆ. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಹಿರಿಯಡ್ಕ. ಅಲ್ಲಿನ ಅಂಜಾರಿನಲ್ಲಿ ಜಿಲ್ಲೆಯ ಜೈಲಿದೆ. 18 ತುಂಬದ ಹುಡುಗ ಎಂಥ ತಪ್ಪು ಮಾಡಿ ಸಿಕ್ಕಿಬಿದ್ದರೂ ಅವನನ್ನು ಆ ಜೈಲಿಗೆ ಒಯ್ಯುವಂತಿಲ್ಲ, ಠಾಣೆಯ ಲಾಕಪ್ಪಿನಲ್ಲೂ ಕೂಡಿಹಾಕುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆ ಇದನ್ನು ನೇರವಾಗಿ ಹೇಳಿದೆ.

ಜೈಲಿಗೆ ಕಳುಹಿಸದಿದ್ದರೆ ಮತ್ತೇನು ಮಾಡುತ್ತಾರೆ ಎಂದು ಯಾರನ್ನು ಕೇಳಿದರೂ "ಬುದ್ಧಿ ಹೇಳಿ ಬಿಡ್ತಾರೆ" ಎಂಬ ಉತ್ತರ ಬರುತ್ತದೆ. ಅನೇಕ ಪ್ರಕರಣಗಳಲ್ಲಿ ಆಗುವುದೂ ಅಷ್ಟೇ. ಆದರೆ ಇಂಥ ಮಕ್ಕಳಿಗೆ ಏನು ಮಾಡಿದರೆ ಮತ್ತೆ ತಪ್ಪಿಗೆ ಇಳಿಯುವುದು ಕಡಿಮೆಯಾಗುತ್ತದೆ ಎಂಬುದನ್ನು ಜಗತ್ತಿನಲ್ಲಿ ಐವತ್ತು ವರ್ಷಗಳಿಗೂ ಮಿಕ್ಕಿ ಪರೀಕ್ಷಿಸಿ ನೋಡಿದ್ದಾರೆ. ಫಲಿಸಿದ್ದು ಯಾವುದು, ಫಲಿಸದ್ದು ಯಾವುದು, ಮಗುವನ್ನು ಇನ್ನಷ್ಟು ಕೆಡಿಸಿದ್ದು ಯಾವುದು ಎಂಬ ತಿಳಿವಳಿಕೆ ಈಗ ಸಾಕಷ್ಟಿದೆ. ಅದನ್ನು ಬಳಸಿಕೊಳ್ಳುವ ಅಧಿಕಾರವನ್ನು ನಮ್ಮ ಕಾಯ್ದೆಯೂ ಬಾಲನ್ಯಾಯ ಮಂಡಳಿಗೆ ಕೊಟ್ಟಿದೆ. ನಡುವೆ ತಪ್ಪಿಹೋಗಿರುವ ಕೊಂಡಿ ಒಂದೇ: ಅದನ್ನು ಕೇಳುವವರು ಕಡಿಮೆ.

ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಹುಡುಗನಿಗೆ 16 ವರ್ಷ. ಪ್ರಥಮ ಪಿಯುಸಿಯಲ್ಲಿ ಫೇಲಾಗಿ ಗ್ಯಾರೇಜ್ ಒಂದಕ್ಕೆ ಹೋಗುತ್ತಿದ್ದಾನೆ. ತಂದೆ ಮುಂಬೈಯಲ್ಲಿ ಹೋಟೆಲ್ ಕೆಲಸ, ತಾಯಿ ಬೀಡಿ ಕಟ್ಟುತ್ತಾರೆ, ಮನೆಯಲ್ಲಿ ಅಜ್ಜಿ ಇದ್ದಾರೆ. ಒಂದು ಸಂಜೆ ಇಬ್ಬರು ಗೆಳೆಯರ ಜೊತೆ ಇದ್ದಾಗ, ಕೀ ಬಿಟ್ಟು ನಿಲ್ಲಿಸಿದ್ದ ಬೈಕ್ ತೆಗೆದುಕೊಂಡು ಹೊರಟ. ಪೆಟ್ರೋಲ್ ಮುಗಿದಲ್ಲಿ ಸಿಕ್ಕಿಬಿದ್ದ. ಹುಡುಗನೂ ಘಟನೆಯೂ ಕಲ್ಪಿತ. ಮುಂದೆ ಹೇಳುವ ಕ್ರಮ ಮಾತ್ರ ನಿಜವಾದದ್ದು.

ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗರಿಷ್ಠ ಶಿಕ್ಷೆ 3 ವರ್ಷ. ಹಾಗಾಗಿ ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಇದು ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಇರುವಂಥದ್ದು ಘೋರ, ಇವೆರಡರ ನಡುವಿನದು ಗಂಭೀರ. ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ, ಜೊತೆಗೆ ವಯಸ್ಕರು ಇಲ್ಲದಿದ್ದರೆ, ಪೊಲೀಸರು ಎಫ್‌ಐಆರ್ ಹಾಕಬೇಕಾಗಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳುಹಿಸಬೇಕು. ಕೈಕೋಳ ಹಾಕುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಮನೆ, ಶಾಲೆ, ನೆರೆಕರೆ ವಿಚಾರಿಸಿ 2 ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧದ ವಿಚಾರಣೆ ಆ ಅವಧಿಯಲ್ಲೂ ಮುಗಿಯದಿದ್ದರೆ ಪ್ರಕರಣವನ್ನೇ ಕೈಬಿಡಬೇಕು.

ತಪ್ಪು ರುಜುವಾತಾದರೆ ಮಂಡಳಿ ಏನೇನು ಆದೇಶ ಮಾಡಬಹುದು ಎಂಬುದು ಕಾಯ್ದೆಯ 18ನೇ ಕಲಮಿನಲ್ಲಿದೆ. ಎಚ್ಚರಿಕೆ ಕೊಟ್ಟು ಮನೆಗೆ ಕಳುಹಿಸಬಹುದು, ಗುಂಪು ಸಮಾಲೋಚನೆಗೆ ಹಾಜರಾಗು ಎನ್ನಬಹುದು, ಸಮುದಾಯ ಸೇವೆ ಮಾಡಿಸಬಹುದು, ಹೆತ್ತವರ ಹೊಣೆಯಲ್ಲಿ ಪರಿವೀಕ್ಷಣೆಗೆ ಬಿಡಬಹುದು. ಕೊನೆಯ ಉಪಾಯವಾಗಿ ವಿಶೇಷ ಗೃಹಕ್ಕೆ 3 ವರ್ಷ ಮೀರದಂತೆ ಕಳುಹಿಸಬಹುದು. ಹಾಗೆ ಕಳುಹಿಸಿದರೆ ಅಲ್ಲಿ ವರ್ತನೆ ತಿದ್ದುವ ಚಿಕಿತ್ಸೆ, ಆಪ್ತಸಮಾಲೋಚನೆ, ಮನೋವೈದ್ಯರ ನೆರವು ಇರಬೇಕೆಂದು ಅದೇ ಕಲಮು ಹೇಳುತ್ತದೆ. ಮನೆಯಲ್ಲೇ ಉಳಿಯುವ ಹುಡುಗನಿಗೂ ಶಾಲೆಗೆ ಹೋಗು, ಚಿಕಿತ್ಸಾ ಕೇಂದ್ರಕ್ಕೆ ಹೋಗು, ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಸೇರು ಎಂದು ಹೆಚ್ಚುವರಿ ಆದೇಶ ಕೊಡಲು ಅವಕಾಶವಿದೆ. ಚಿಕಿತ್ಸೆ ಎಂಬ ಪದವನ್ನು ಕಾನೂನು ಬರೆದುಕೊಂಡಿದೆ. ಯಾವ ಚಿಕಿತ್ಸೆ, ಹೇಗೆ, ಎಷ್ಟು ಕಾಲ ಎಂಬುದನ್ನು ಬರೆದಿಲ್ಲ. ಆ ಖಾಲಿ ಜಾಗವನ್ನು ನಮ್ಮಲ್ಲಿ ಸಾಮಾನ್ಯವಾಗಿ ತುಂಬುವುದು ಉಪದೇಶ.

ಕಿವಿ ಬಿಸಿಯಾದ ಕ್ಷಣ

ಉಪದೇಶ ಯಾಕೆ ಸಾಲದು? ಬೈಕ್ ತೆಗೆಯುವುದು ತಪ್ಪೆಂದು ಆ ಹುಡುಗನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಒಬ್ಬರೇ ಆಡುವಾಗ ಹದಿಹರೆಯದವರು ತಕ್ಕಮಟ್ಟಿಗೆ ಎಚ್ಚರದಿಂದಿದ್ದರು. ಗೆಳೆಯರು ಪಕ್ಕದಲ್ಲಿ ಕೂತ ಕೂಡಲೇ ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಿತು. ವಯಸ್ಕರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಈಜು ಕಲಿಯಲು ನೀರಿಗಿಳಿಯಬೇಕಾದಂತೆ, ಅಂಥ ಗಳಿಗೆಯನ್ನು ದಾಟುವುದನ್ನೂ ಅಭ್ಯಾಸ ಮಾಡಿಯೇ ಕಲಿಯಬೇಕು.

ಅರಿವು ಮತ್ತು ವರ್ತನೆಯ ಚಿಕಿತ್ಸೆ ಎಂದು ಕರೆಯುವ ವಿಧಾನ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಸಿಬಿಟಿ, ಈ ಅಭ್ಯಾಸದ ಸುತ್ತಲೇ ಕಟ್ಟಿಕೊಂಡದ್ದು. ಅದರ ಒಂದು ಕೂರಿಕೆ ನಮ್ಮ ಕಲ್ಪನೆಯ ಹುಡುಗನೊಂದಿಗೆ ಸುಮಾರಾಗಿ ಹೀಗಿರುತ್ತದೆ.

"ಬೈಕ್ ತೆಗೆಯುವ ಮೊದಲು ಎಂತ ಆಯ್ತು?"

"ಎಂತ ಇಲ್ಲ ಮೇಡಂ. ಸುಮ್ಮನೆ ತೆಗೆದದ್ದು."

"ಸರಿ. ಸುಮ್ಮನೆ ತೆಗೆಯುವ ಐದು ನಿಮಿಷ ಮೊದಲು ನೀನು ಎಲ್ಲಿದ್ದೆ?"

"ಬಸ್‌ಸ್ಟ್ಯಾಂಡ್ ಹತ್ರ. ಅವರಿಬ್ರೂ ಇದ್ರು."

"ಅವರು ಎಂತ ಹೇಳಿದ್ರು?"

"ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ, ನೀನು ಅಮ್ಮನ ಮಗ ಅಂದ್ರು."

"ಆಗ ಮೈಯಲ್ಲಿ ಎಂತ ಆಯ್ತು?"

"ಕಿವಿ ಬಿಸಿ ಆಯ್ತು."

"ತಲೆಯಲ್ಲಿ ಎಂತ ಬಂತು?"

"ಈಗ ತೆಗೆಯದಿದ್ರೆ ನಾಳೆಯಿಂದ ಇವರಿಗೆ ಮುಖ ತೋರಿಸ್ಲಿಕ್ಕಿಲ್ಲ ಅಂತ."

ಇಷ್ಟಾಗುವಾಗ ಕಾಗದದ ಮೇಲೆ ಒಂದು ಸರಪಳಿ ಮೂಡಿರುತ್ತದೆ: ಜಾಗ, ಗೆಳೆಯರು, ಆ ಮಾತು, ಬಿಸಿಯಾದ ಕಿವಿ, ಮುಖ ತೋರಿಸಲಾಗದೆಂಬ ಯೋಚನೆ, ಕೀ. ಸಮಾಲೋಚಕಿ ಇಲ್ಲಿ ನೀತಿ ಹೇಳುವುದಿಲ್ಲ. ಯಾವ ಕೊಂಡಿಯಲ್ಲಿ ಬೇರೆ ದಾರಿ ಇತ್ತು ಎಂದು ಹುಡುಗನಿಂದಲೇ ಹೇಳಿಸುತ್ತಾರೆ. ಕಿವಿ ಬಿಸಿಯಾಯಿತು ಎಂಬುದು ಅವನ ಸ್ವಂತ ಅಪಾಯದ ಗುರುತು. ಇನ್ನು ಮುಂದೆ ಅದನ್ನು ಹಿಡಿಯಲು ಕಲಿಯಬೇಕು. "ನಾಳೆ ಮುಖ ತೋರಿಸಲಿಕ್ಕಿಲ್ಲ" ಎಂಬುದು ನಿಜವೇ, ಹಿಂದೆ ಅವರು ತಮಾಷೆ ಮಾಡಿದಾಗ ಎಷ್ಟು ದಿನ ನೆನಪಿಟ್ಟುಕೊಂಡಿದ್ದರು ಎಂದು ಕೂತು ಲೆಕ್ಕ ಹಾಕುತ್ತಾರೆ. ಆಮೇಲೆ ಅಭಿನಯ: ಸಮಾಲೋಚಕಿ ಗೆಳೆಯನಾಗಿ ಕೆಣಕುತ್ತಾರೆ, ಹುಡುಗ ಮರ್ಯಾದೆ ಕಳೆದುಕೊಳ್ಳದೆ ಜಾರಿಕೊಳ್ಳುವ ಮಾತನ್ನು ಆಡಿ ನೋಡುತ್ತಾನೆ. ಮೊದಲ ಸಲ ನಾಚಿಕೆ, ಎರಡನೇ ಸಲ ನಗು, ನಾಲ್ಕನೇ ಸಲಕ್ಕೆ ಮಾತು ಸಲೀಸು. ಆ ವಾರ ಒಂದು ಸಲವಾದರೂ ಇದನ್ನು ನಿಜವಾಗಿ ಬಳಸಿ ಬಂದು ಹೇಳಬೇಕು ಎಂಬುದು ಮನೆಕೆಲಸ. ಮುಂದಿನ ಕೂರಿಕೆ ಶುರುವಾಗುವುದು ಅಲ್ಲಿಂದಲೇ.

ಈ ಮಾತುಕತೆ ಮಗು ಮನೆಯಲ್ಲಾಡುವ ಭಾಷೆಯಲ್ಲಿ ನಡೆಯಬೇಕು. ನಮ್ಮ ಜಿಲ್ಲೆಯಲ್ಲಿ ಅದು ತುಳು ಆಗಿರಬಹುದು, ಕೊಂಕಣಿ, ಬ್ಯಾರಿ ಅಥವಾ ಉರ್ದು ಇರಬಹುದು. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಹುಡುಗನಿಗೆ ಬಾಗಲಕೋಟೆ, ಗದಗದ ಕಡೆಯ ಕನ್ನಡ. ಶಾಲೆಯ ಕನ್ನಡದಲ್ಲಿ "ನಿನಗೆ ಯಾವ ಭಾವನೆ ಉಂಟಾಯಿತು?" ಎಂದು ಕೇಳಿದರೆ "ಗೊತ್ತಿಲ್ಲ" ಎಂಬ ಉತ್ತರ ಬರುತ್ತದೆ. ಹುಡುಗ ಸಹಕರಿಸುತ್ತಿಲ್ಲ ಎಂದು ವರದಿ ಬರೆದವರು, ಅವನ ಭಾಷೆಯಲ್ಲಿ ಒಮ್ಮೆ ಕೇಳಿ ನೋಡಬೇಕು.

ಶಿಕಾಗೋ ನಗರದಲ್ಲಿ ಇದೇ ತತ್ವದ ಒಂದು ಕಾರ್ಯಕ್ರಮ ನಡೆಯುತ್ತಿದೆ, ಹೆಸರು 'ಬಿಕಮಿಂಗ್ ಎ ಮ್ಯಾನ್'. ಬಡ ಬಡಾವಣೆಗಳ ಶಾಲಾ ಹುಡುಗರು ವಾರಕ್ಕೊಮ್ಮೆ ಕೂರುತ್ತಾರೆ. ಅಲ್ಲಿನ ಒಂದು ಆಟ ಹೀಗಿದೆ: ಇಬ್ಬಿಬ್ಬರ ಜೋಡಿ, ಒಬ್ಬನ ಮುಷ್ಟಿಯಲ್ಲಿ ಚೆಂಡು, ಇನ್ನೊಬ್ಬ 30 ಸೆಕೆಂಡಿನಲ್ಲಿ ಅದನ್ನು ಪಡೆಯಬೇಕು. ಎಲ್ಲರೂ ಎಳೆದಾಡಿ, ಕೈ ತಿರುಚಿ ಕಿತ್ತುಕೊಳ್ಳಲು ನೋಡುತ್ತಾರೆ. ಮುಗಿದ ಮೇಲೆ ನಡೆಸುವವರು "ಕೊಡು ಅಂತ ಯಾಕೆ ಕೇಳಲಿಲ್ಲ?" ಎಂದು ಕೇಳುತ್ತಾರೆ. "ಕೇಳಿದರೆ ಅವನು ಕೊಡುತ್ತಿರಲಿಲ್ಲ" ಎನ್ನುತ್ತಾರೆ ಹುಡುಗರು. ಚೆಂಡು ಹಿಡಿದವನತ್ತ ತಿರುಗಿದರೆ ಅವನು "ಕೇಳಿದ್ದರೆ ಕೊಡುತ್ತಿದ್ದೆ, ಬರೀ ಚೆಂಡಲ್ಲವಾ" ಎನ್ನುತ್ತಾನೆ. ಎದುರಿನವನ ಮನಸ್ಸನ್ನು ತಾನೇ ಊಹಿಸಿ, ಆ ಊಹೆಯ ಮೇಲೆ ಕೈ ಎತ್ತುವುದು ಎಷ್ಟು ಬೇಗ ಆಗುತ್ತದೆ ಎಂಬುದು ಅರ್ಧ ನಿಮಿಷದಲ್ಲಿ ಮೈಗೆ ಹತ್ತುತ್ತದೆ. ಚೀಟಿ ಎತ್ತಿ ಹಂಚಿದಂತೆ ಯಾರು ಕಾರ್ಯಕ್ರಮಕ್ಕೆ, ಯಾರು ಹೊರಗೆ ಎಂದು ಗುಂಪು ಮಾಡಿ ಅಳೆದಾಗ, ಕಾರ್ಯಕ್ರಮದಲ್ಲಿದ್ದವರು ಹಿಂಸೆಯ ಪ್ರಕರಣಗಳಲ್ಲಿ ಬಂಧನಕ್ಕೊಳಗಾದದ್ದು 45ರಿಂದ 50 ಶೇಕಡಾ ಕಡಿಮೆ. ಅದೇ ಅಧ್ಯಯನದ ಇನ್ನೊಂದು ಭಾಗ ನಡೆದದ್ದು ಬಾಲಬಂಧನ ಗೃಹದಲ್ಲಿ. ಸಿಬಿಟಿ ಪಡೆದ ಹುಡುಗರು ಮತ್ತೆ ಅಲ್ಲಿಗೆ ಮರಳಿದ್ದು 21 ಶೇಕಡಾ ಕಡಿಮೆ. ಈ ಫಲಿತಾಂಶಗಳು 2017ರಲ್ಲಿ ಪ್ರಕಟವಾದವು. ಪುರಾವೆ ಇರುವ ಚಿಕಿತ್ಸೆ ಎಂದರೆ ಇದೇ: ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ, ವರ್ಷಗಳ ಕಾಲ ಹಿಂಬಾಲಿಸಿ, ಲೆಕ್ಕ ಒಪ್ಪಿಸಿದ್ದು.

ಹುಡುಗನೊಬ್ಬನನ್ನೇ ಕೂರಿಸಿದರೆ ಸಾಲದು

ಕೂರಿಕೆ ಮುಗಿಸಿದ ಹುಡುಗ ಅದೇ ಮನೆಗೆ, ಅದೇ ಬಸ್‌ಸ್ಟ್ಯಾಂಡಿಗೆ ಮರಳುತ್ತಾನೆ. ಆದ್ದರಿಂದ ಅತ್ಯಂತ ಗಟ್ಟಿ ಪುರಾವೆ ಇರುವ ಕಾರ್ಯಕ್ರಮಗಳಲ್ಲಿ ಹಲವು ಕುಟುಂಬವನ್ನೇ ಹಿಡಿದು ಕೆಲಸ ಮಾಡುತ್ತವೆ. 1970ರ ದಶಕದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಅಲೆಕ್ಸಾಂಡರ್ ಮತ್ತು ಬ್ರೂಸ್ ಪಾರ್ಸನ್ಸ್ ರೂಪಿಸಿದ 'ಫಂಕ್ಷನಲ್ ಫ್ಯಾಮಿಲಿ ಥೆರಪಿ' ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸುತ್ತದೆ. ಅಲ್ಲಿ ಮೊದಲ ಕೆಲಸ ದೂರುವುದನ್ನು ನಿಲ್ಲಿಸುವುದು. "ಇವನು ನಮ್ಮ ಮಾನ ಕಳೆದ" ಎಂಬುದರಲ್ಲಿ ಸಿಕ್ಕಿಕೊಂಡ ಮನೆಯಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ. ಮಾತು ಸ್ವಲ್ಪ ತಣ್ಣಗಾದ ಮೇಲೆ ಮನೆಗೆ ಎಷ್ಟು ಗಂಟೆಗೆ ಬರಬೇಕು, ಮೊಬೈಲ್ ಯಾವಾಗ, ನಿಯಮ ಮೀರಿದರೆ ಏನು, ಪಾಲಿಸಿದರೆ ಏನು ಎಂದು ಬರೆದು ಒಪ್ಪಿಕೊಳ್ಳುತ್ತಾರೆ.

ಸ್ಕಾಟ್ ಹೆಂಗೆಲರ್ ಮತ್ತವರ ಜೊತೆಗಾರರು ಕಟ್ಟಿದ ಮಲ್ಟಿಸಿಸ್ಟಮಿಕ್ ಥೆರಪಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಿಕಿತ್ಸಕರೇ ಮನೆಗೆ ಬರುತ್ತಾರೆ. ಒಬ್ಬರ ಕೈಯಲ್ಲಿ ನಾಲ್ಕರಿಂದ ಆರು ಕುಟುಂಬ ಮಾತ್ರ. 3ರಿಂದ 5 ತಿಂಗಳು. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ತಂಡದ ಒಬ್ಬರು ಸಿಗಬೇಕು. ಹುಡುಗನನ್ನು ಕೆಟ್ಟ ಸಹವಾಸದಿಂದ ಬಿಡಿಸಲು "ಅವರ ಜೊತೆ ಹೋಗಬೇಡ" ಎನ್ನುವುದರ ಜೊತೆಗೆ, ಹೋಗಲು ಬೇರೆ ಜಾಗವನ್ನೂ ಹುಡುಕಿ ಕೊಡುತ್ತಾರೆ. ಶಾಲೆಯ ಮೇಷ್ಟರನ್ನು, ಕೆಲಸ ಕೊಡುವವರನ್ನು ತಾಯಿಯಿಂದಲೇ ಮಾತಾಡಿಸುತ್ತಾರೆ, ಯಾಕೆಂದರೆ ತಂಡ ಹೊರಟುಹೋದ ಮೇಲೂ ತಾಯಿ ಅಲ್ಲೇ ಇರುತ್ತಾಳೆ. ಮಿಸೌರಿ ರಾಜ್ಯದಲ್ಲಿ 176 ಹದಿಹರೆಯದವರ ಮೇಲೆ ನಡೆದ ಪರೀಕ್ಷೆಯನ್ನು ಸುಮಾರು 14 ವರ್ಷಗಳ ನಂತರ ಮತ್ತೆ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ ಮತ್ತೆ ಬಂಧನವಾದದ್ದು 50 ಶೇಕಡಾ ಮಂದಿಗೆ, ಬರೀ ವೈಯಕ್ತಿಕ ಸಮಾಲೋಚನೆ ಪಡೆದವರಲ್ಲಿ 81 ಶೇಕಡಾ ಮಂದಿಗೆ.

ಇದು ಎಲ್ಲ ಕಡೆಯೂ ಹೀಗೇ ಗೆದ್ದಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 684 ಕುಟುಂಬಗಳ ಮೇಲೆ ನಡೆದು 2018ರಲ್ಲಿ ವರದಿಯಾದ ದೊಡ್ಡ ಪರೀಕ್ಷೆಯಲ್ಲಿ, ಒಂದೂವರೆ ವರ್ಷದ ನಂತರ ಈ ಚಿಕಿತ್ಸೆಗೂ ಅಲ್ಲಿನ ಮಾಮೂಲು ಸೇವೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಮಾಮೂಲು ಸೇವೆ ಮೊದಲೇ ಗಟ್ಟಿಯಾಗಿತ್ತು ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ನನ್ನ ಮಟ್ಟಿಗೆ ಇದರಿಂದ ತಿಳಿಯುವುದು: ದುಬಾರಿ ಹೆಸರಿನ ಕಾರ್ಯಕ್ರಮವನ್ನು ಪರವಾನಗಿ ಶುಲ್ಕ ಕೊಟ್ಟು ತರಿಸುವುದಕ್ಕಿಂತ, ಅದರೊಳಗಿನ ಸಾರವನ್ನು ನಮ್ಮ ಪರಿವೀಕ್ಷಣಾಧಿಕಾರಿಗಳಿಗೆ, ಸಮಾಲೋಚಕರಿಗೆ ಚೆನ್ನಾಗಿ ಕಲಿಸುವುದು ಮೇಲು.

ಆ ಸಾರವನ್ನು ತುಳುನಾಡಿಗೆ ಹೊಂದಿಸಿಕೊಳ್ಳಲೂಬೇಕು. ತಂದೆ ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮನೆಗಳು ಇಲ್ಲಿ ಬಹಳ. ಅಂಥ ಕಡೆ ಹುಡುಗ ಯಾರ ಮಾತಿಗೆ ಬಗ್ಗುತ್ತಾನೆ ಎಂದು ವಿಚಾರಿಸಿದರೆ ಎಷ್ಟೋ ಸಲ ಸೋದರಮಾವನ ಹೆಸರು ಬರುತ್ತದೆ. ಮಾವನನ್ನು ಕರೆಯದೆ ತಾಯಿಯೊಬ್ಬಳನ್ನೇ ಕೂರಿಸಿ ಕುಟುಂಬ ಚಿಕಿತ್ಸೆ ಮಾಡಿದರೆ ಅರ್ಧ ಕುಟುಂಬ ಹೊರಗುಳಿದಂತೆ. ತಂದೆಯನ್ನು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಕೂರಿಸಬಹುದು. ಬೇರೆ ಸಹವಾಸಕ್ಕೆ ವಾಲಿಬಾಲ್ ತಂಡ, ಚೆಂಡೆ ಕಲಿಸುವ ಗುರುಗಳು, ಭಜನಾ ಮಂಡಳಿ, ಯಾವುದಾದರೂ ಆಗಬಹುದು. ಅಲ್ಲಿ ಹುಡುಗನ ಮೇಲೆ ಕಣ್ಣಿಡುವ ಒಬ್ಬ ದೊಡ್ಡವರು ಇರಬೇಕು, ಅಷ್ಟೇ ಷರತ್ತು.

ಹೆದರಿಸುವುದು ತಿರುಗುಬಾಣ

1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಒಂದು ಪ್ರಯತ್ನ ಶುರುವಾಯಿತು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆತಂದು, ದೀರ್ಘ ಶಿಕ್ಷೆಯ ಕೈದಿಗಳಿಂದ ಬೈಯಿಸಿ, ಜೈಲಿನ ನರಕ ತೋರಿಸಿ ಕಳುಹಿಸುವುದು. 'ಸ್ಕೇರ್ಡ್ ಸ್ಟ್ರೈಟ್' ಎಂಬ ಸಾಕ್ಷ್ಯಚಿತ್ರ ಬಂದು ದೇಶವೆಲ್ಲ ಮೆಚ್ಚಿತು. ಆಮೇಲೆ ಸಂಶೋಧಕರು ಇಂಥ ಕಾರ್ಯಕ್ರಮಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು ತಲೆಕೆಳಗಾದ ಫಲಿತಾಂಶ: ಜೈಲು ನೋಡಿ ಬಂದವರು, ನೋಡದವರಿಗಿಂತ ಹೆಚ್ಚು ಅಪರಾಧಕ್ಕಿಳಿದಿದ್ದರು. ನಮ್ಮಲ್ಲೂ "ಒಂದು ರಾತ್ರಿ ಒಳಗೆ ಕೂರಿಸಿ, ನಾಲ್ಕು ಬಿಗಿಯಿರಿ, ಸರಿಯಾಗ್ತಾನೆ" ಎಂದು ಹೆತ್ತವರೇ ಪೊಲೀಸರನ್ನು ಕೇಳಿಕೊಳ್ಳುವುದುಂಟು. ಕಾನೂನು ಅದನ್ನು ನಿಷೇಧಿಸಿದೆ, ಅದು ಫಲಿಸುವುದೂ ಇಲ್ಲ.

ಇನ್ನೊಂದು ಎಚ್ಚರಿಕೆಯ ಕಥೆ ಮ್ಯಾಸಚೂಸೆಟ್ಸ್‌ನದು. 1939ರಲ್ಲಿ ಅಲ್ಲಿ 500ಕ್ಕೂ ಹೆಚ್ಚು ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವರ್ಷಗಟ್ಟಲೆ ಮಾರ್ಗದರ್ಶನ, ಟ್ಯೂಷನ್, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ನೋಡಿದರೆ ನೆರವು ಪಡೆದವರ ಬದುಕೇ ಹಲವು ವಿಷಯಗಳಲ್ಲಿ ಹೆಚ್ಚು ಕೆಟ್ಟಿತ್ತು. ಮುಂದಿನ ವಿಶ್ಲೇಷಣೆಯಲ್ಲಿ ಎದ್ದು ಕಂಡದ್ದು ಬೇಸಿಗೆ ಶಿಬಿರ: ಮತ್ತೆ ಮತ್ತೆ ಶಿಬಿರಕ್ಕೆ ಹೋದವರಿಗೆ ಹಾನಿ ಹೆಚ್ಚು. ತಪ್ಪು ಹಾದಿಯ ಹುಡುಗರನ್ನು ಸರಿಯಾದ ಮೇಲ್ವಿಚಾರಣೆ ಇಲ್ಲದೆ ಒಂದೆಡೆ ಸೇರಿಸಿದರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಹಾಗಾಗಿಯೇ ಗುಂಪು ಸಮಾಲೋಚನೆಗೆ ಆದೇಶವಾದಾಗ ಗುಂಪಿನಲ್ಲಿ ಯಾರ್‍ಯಾರಿದ್ದಾರೆ, ನಡೆಸುವವರಿಗೆ ಯಾವ ತರಬೇತಿಯಾಗಿದೆ, ಹೇಳಿಕೊಡುವುದಕ್ಕೆ ಒಂದು ಕ್ರಮದ ಪಾಠಪಟ್ಟಿ ಇದೆಯೇ ಎಂದು ಕೇಳಬೇಕು.

ಸಂಶೋಧಕ ಮಾರ್ಕ್ ಲಿಪ್ಸಿ 2009ರಲ್ಲಿ 548 ಅಧ್ಯಯನ ಗುಂಪುಗಳ ಫಲಿತಾಂಶ ಕೂಡಿಸಿ ನೋಡಿದಾಗಲೂ ಇದೇ ಚಿತ್ರ ಬಂತು. ಶಿಸ್ತು ಮತ್ತು ಭಯದ ಕಾರ್ಯಕ್ರಮಗಳು ಸೋತವು, ಕೌಶಲ ಕಲಿಸುವ ಮತ್ತು ಸಮಾಲೋಚನೆಯ ಕಾರ್ಯಕ್ರಮಗಳು ಗೆದ್ದವು. ಹೆಚ್ಚು ಅಪಾಯದಲ್ಲಿರುವ ಹುಡುಗರಲ್ಲೇ ಫಲ ಹೆಚ್ಚು. ಮೊದಲ ಸಲ ಸಣ್ಣ ತಪ್ಪು ಮಾಡಿದ, ಶಾಲೆ ಬಿಡದ, ಮನೆಯ ಆಸರೆ ಇರುವ ಹುಡುಗನನ್ನು ದೊಡ್ಡ ಕಾರ್ಯಕ್ರಮಕ್ಕೆ ಎಳೆಯುವ ಅಗತ್ಯವೇ ಇಲ್ಲ. ಹದಿಹರೆಯದ ತಪ್ಪುಗಳಲ್ಲಿ ಬಹುಪಾಲು ವಯಸ್ಸಿನ ಜೊತೆಗೇ ನಿಂತುಹೋಗುತ್ತವೆ. ಪ್ರೀತಿಸಿ ಮನೆಬಿಟ್ಟು ಹೋದದ್ದಕ್ಕೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಸಿಕ್ಕಿಕೊಂಡ 17ರ ಹುಡುಗನಿಗೆ ಬೇಕಾದದ್ದು ಕಾನೂನಿನ ತಿಳಿವಳಿಕೆ, ಸಂಬಂಧದ ಬಗ್ಗೆ ಮುಚ್ಚುಮರೆ ಇಲ್ಲದ ಮಾತು, ಓದು ಮುಂದುವರಿಸುವ ದಾರಿ. ಬಲಾತ್ಕಾರ ಮಾಡಿದವನಿಗೆ ಕೊಡುವ ಚಿಕಿತ್ಸೆಯನ್ನೇ ಅವನಿಗೂ ಕೊಡುವುದು ತಪ್ಪು.

ಚಿಕಿತ್ಸೆಗೆ ಮೊದಲು ಸರಿಯಾದ ತಪಾಸಣೆ ಬೇಕು. ಓದು ತಲೆಗೆ ಹತ್ತದೆ ಶಾಲೆ ಬಿಟ್ಟವನಿಗೆ ಕಲಿಕೆಯ ತೊಂದರೆ ಇರಬಹುದು. ಒಂದು ಕಡೆ ಕೂರಲಾಗದೆ, ಯೋಚಿಸುವ ಮೊದಲೇ ಮಾಡಿಬಿಡುವವನಿಗೆ ಎಡಿಎಚ್‌ಡಿ ಇರಬಹುದು. ಸ್ವೀಡನ್ನಿನಲ್ಲಿ 25,000ಕ್ಕೂ ಹೆಚ್ಚು ಎಡಿಎಚ್‌ಡಿ ಇರುವವರ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಡಸರ ಅಪರಾಧ 32 ಶೇಕಡಾ ಕಡಿಮೆಯಿತ್ತು. ಗಾಂಜಾ, ಮದ್ಯ, ಚಿಕ್ಕಂದಿನಲ್ಲಿ ಅನುಭವಿಸಿದ ಹೊಡೆತ ಅಥವಾ ಲೈಂಗಿಕ ದೌರ್ಜನ್ಯ, ಖಿನ್ನತೆ, ಒಂದೊಂದಕ್ಕೂ ಬೇರೆಬೇರೆ ಚಿಕಿತ್ಸೆ ಇದೆ. ಎಲ್ಲರಿಗೂ ಒಂದೇ ಕೌನ್ಸೆಲಿಂಗ್ ಎಂಬುದು ರೋಗ ನೋಡದೆ ಮದ್ದು ಕೊಟ್ಟ ಹಾಗೆಯೇ.

ನಮ್ಮ ಕೈಗೆ ಸಿಗುವುದು

ಕರ್ನಾಟಕದಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದ್ದು ನಿಮ್ಹಾನ್ಸ್. ಅಲ್ಲಿನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲಿ ಡಾ. ಶೇಖರ್ ಶೇಷಾದ್ರಿ, ಶೀಲಾ ರಾಮಸ್ವಾಮಿ ಮತ್ತವರ ತಂಡ ಬೆಂಗಳೂರಿನ ಸರ್ಕಾರಿ ಬಾಲಗೃಹಗಳ ಮಕ್ಕಳೊಂದಿಗೆ, ವಿಚಾರಣೆಯ ಅವಧಿಯಲ್ಲಿ ಇರಿಸುವ ವೀಕ್ಷಣಾಲಯದ ಹುಡುಗರೊಂದಿಗೆ ಕೆಲಸ ಮಾಡಿ, ಕಥೆ, ಸಿನಿಮಾ ತುಣುಕು, ಚಿತ್ರ, ಅಭಿನಯಗಳ ಮೂಲಕ ಜೀವನ ಕೌಶಲ ಕಲಿಸುವ ಪಾಠಗಳನ್ನೂ, ಮಗುವಿನ ಹಿನ್ನೆಲೆ ಅಳೆಯುವ ನಮೂನೆಗಳನ್ನೂ ತಯಾರಿಸಿತು. 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಅಲ್ಲೇ ಶುರುವಾದ 'ಸಂವಾದ್' ಈಗ ದೇಶದ ಬೇರೆಬೇರೆ ಕಡೆಯ ಮಂಡಳಿ ಸದಸ್ಯರು, ಪರಿವೀಕ್ಷಣಾಧಿಕಾರಿಗಳು, ಸಮಾಲೋಚಕರಿಗೆ ತರಬೇತಿ ಕೊಡುತ್ತದೆ.

ಪರ್ಕಳದಿಂದ ನೋಡಿದರೆ ನೆರವು ದೂರವೇನಿಲ್ಲ. ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಚಿಕಿತ್ಸಾ ಮನೋವಿಜ್ಞಾನಿಗಳೂ ಇದ್ದಾರೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ವ್ಯಸನಮುಕ್ತಿಗೆ ಹೆಸರಾದದ್ದು. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ಕಾರ್ಕಳ, ಕಾಪು ಕಡೆಯವರು ತಾಲೂಕು ಮಟ್ಟದಲ್ಲಿ ನಡೆಯುವ 'ಮನೋಚೈತನ್ಯ' ಶಿಬಿರದ ದಿನ ವಿಚಾರಿಸಿ ಹೋಗಬಹುದು. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿಮಾನಸ್ 14416, ಮಕ್ಕಳ ಸಹಾಯವಾಣಿ 1098. ಮಂಗಳೂರಿನಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ರೋಶನಿ ನಿಲಯವಿದೆ. ವೈದ್ಯಕೀಯಕ್ಕೆ ಇಷ್ಟು ಹೆಸರು ಮಾಡಿದ ಕರಾವಳಿಯಲ್ಲಿ ಬಾಲನ್ಯಾಯ ಮಂಡಳಿಗೂ ಆಸ್ಪತ್ರೆಗಳಿಗೂ ನಡುವೆ ಒಂದು ಸ್ಥಿರವಾದ ಒಪ್ಪಂದವಿದ್ದು, ಆದೇಶವಾದ ಪ್ರತಿ ಹುಡುಗನಿಗೂ ಕ್ರಮಬದ್ಧ ಚಿಕಿತ್ಸೆ ಉಚಿತವಾಗಿ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಕೀಲರನ್ನಿಡಲು ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದನ್ನು ನೋಡಿಕೊಳ್ಳುವುದು ಮಂಡಳಿಯ ಹೊಣೆ. ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ ಒಳ್ಳೆಯದನ್ನೇ ಹೇಳಿ ಕಳುಹಿಸಬೇಡಿ. ಮನೆಯ ಜಗಳ, ತಂದೆಯ ಕುಡಿತ, ಹುಡುಗ ಶಾಲೆಯಲ್ಲಿ ತಿಂದ ಏಟು, ಎಲ್ಲ ಹೇಳಿ. ಮಂಡಳಿಯ ಮುಂದೆ ಬರುವ ವರದಿಗಳು ಕಾಯ್ದೆಯ ಪ್ರಕಾರ ಗೋಪ್ಯ. ಹಾಗೆಯೇ, ವಿಚಾರಣೆ ಮುಗಿಯುವ ಮೊದಲು ಸಮಾಲೋಚನೆ ಶುರುವಾದರೆ ಅಲ್ಲಿ ತಪ್ಪೊಪ್ಪಿಗೆ ಕೇಳುವಂತಿರಬಾರದು. ಸಿಟ್ಟು, ವ್ಯಸನ, ಶಾಲೆ, ಮನೆಯ ಬಗ್ಗೆ ಕೆಲಸ ಮಾಡಲು ಹುಡುಗ "ನಾನೇ ಮಾಡಿದ್ದು" ಎನ್ನಬೇಕಾಗಿಲ್ಲ. ಮೇಲೆ ಬರೆದ ಸರಪಳಿಯ ಕೂರಿಕೆ ನಡೆಯಬೇಕಾದದ್ದು ಆದೇಶವಾದ ಮೇಲೆ.

16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ವಯಸ್ಕನಂತೆ ವಿಚಾರಣೆ ಬೇಕೇ ಎಂದು ತೀರ್ಮಾನಿಸಲು ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯದ ವೃತ್ತಿಪರರು ಇಲ್ಲದಿದ್ದರೆ ಪರಿಣತರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ. ಅಂಥ ಪ್ರಕರಣಗಳಲ್ಲಿ ವಕೀಲರು ಮೊದಲು ಕೇಳಬೇಕಾದದ್ದು ಇದನ್ನೇ.

ಹೆತ್ತವರನ್ನು ಕಾಡುವ ಇನ್ನೊಂದು ಭಯ ಕೆಲಸ, ಪಾಸ್‌ಪೋರ್ಟು. ವಯಸ್ಕನಂತೆ ವಿಚಾರಣೆಯಾದ ಪ್ರಕರಣಗಳನ್ನು ಬಿಟ್ಟರೆ, ಬಾಲನ್ಯಾಯ ಕಾಯ್ದೆಯಡಿ ತಪ್ಪು ರುಜುವಾತಾದದ್ದು ಮುಂದಿನ ಬದುಕಿಗೆ ಅನರ್ಹತೆ ಆಗುವುದಿಲ್ಲ. ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕೆಂದು ನಿಯಮವಿದೆ. ಹುಡುಗನ ಹೆಸರು, ಫೋಟೊ, ಶಾಲೆಯ ಗುರುತು ಪತ್ರಿಕೆಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹಾಕುವುದು ಅಪರಾಧ. ಊರಿನ ಗುಂಪಿಗೆ ಅಂಥ ಫೋಟೊ ಬಂದರೆ ಮುಂದೆ ಕಳುಹಿಸಬೇಡಿ, ಹಾಕಿದವರಿಗೆ ಅಳಿಸಲು ಹೇಳಿ.

ನಿಮ್ಮ ಮನೆಯ ಅಥವಾ ನೆರೆಮನೆಯ ಮಗುವಿನ ಪ್ರಕರಣ ಮಂಡಳಿಯ ಮುಂದಿದ್ದರೆ, ಮುಂದಿನ ದಿನಾಂಕಕ್ಕೆ ಹೋಗುವಾಗ ವಕೀಲರ ಕೈಯಲ್ಲಿ ಒಂದು ಅರ್ಜಿ ಕೊಡಿಸಿ: ಮಗುವಿಗೆ ಪೂರ್ಣ ಮಾನಸಿಕ ತಪಾಸಣೆ ಮಾಡಿಸಬೇಕು, ತಪ್ಪು ರುಜುವಾತಾದರೆ 18ನೇ ಕಲಮಿನಡಿ ಚಿಕಿತ್ಸೆಯ ಆದೇಶ ಬೇಕು, ಎಷ್ಟು ಕೂರಿಕೆ, ಯಾರು ನಡೆಸುತ್ತಾರೆ, ಮನೆಯವರು ಯಾವಾಗ ಬರಬೇಕು, ಪ್ರಗತಿಯನ್ನು ಹೇಗೆ ಅಳೆಯುತ್ತಾರೆ ಎಂಬುದು ಆದೇಶದಲ್ಲೇ ಇರಲಿ.